ಬಾಳೆಹಣ್ಣು ಮೊಟ್ಟೆಗೆ ಬದಲಿಯಲ್ಲ

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆಯ ಪ್ರಶ್ನೆ ಎದ್ದಾಗಲೆಲ್ಲ ಜೈನ ಸಮಾಜದ ಕಡೆಯಿಂದ ಮನವಿಪತ್ರ ಹೊರಡುವುದು ವಾಡಿಕೆಯಾಗಿದೆ. ಕರ್ನಾಟಕದಲ್ಲಿ 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಹೀಗಾಯಿತು. 2023ರ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ವಾರಕ್ಕೊಂದು ಮೊಟ್ಟೆಯ ಆದೇಶ ಹೊರಡಿಸಿದಾಗಲೂ ಹೀಗಾಯಿತು. ಇಂಥ ಮನವಿಗಳ ಜೀವಾಳ ಒಂದೇ ವಾಕ್ಯ: ದೇಹಕ್ಕೆ ಬೇಕಾದ ಪ್ರೋಟೀನ್ ಎಲ್ಲವೂ ಸಸ್ಯಾಹಾರದಲ್ಲಿದೆ.

ವಾಕ್ಯ ಸುಳ್ಳಲ್ಲ. ಆದರೆ ಮೊಟ್ಟೆ ತಿನ್ನದ ಮಗುವಿನ ಕೈಗೆ ಸರ್ಕಾರ ಬಾಳೆಹಣ್ಣನ್ನಿಟ್ಟಾಗ ಸಮಾಜ ತೃಪ್ತಿಯಿಂದ ಸುಮ್ಮನಾಯಿತಲ್ಲ, ಅಲ್ಲಿ ಆ ವಾಕ್ಯದ ಅರ್ಧ ಭಾಗ ಮರೆತುಹೋಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಒಂದೇ ಸಾಲಿನಲ್ಲಿ ಕುಳಿತ ಇಬ್ಬರು ಮಕ್ಕಳ ನಡುವಿನ ಈ ಅಂತರ ಸಮಾಜದ ವೇದಿಕೆಗಳಲ್ಲಿ ಚರ್ಚೆಗೆ ಬರುವುದೇ ಅಪರೂಪ.

ಪ್ರೋಟೀನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನ್. ಅನ್ನವನ್ನು ಅರಗಿಸುವ ಕಿಣ್ವಗಳು, ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು, ಕೂದಲು ಉಗುರುಗಳ ಕೆರಾಟಿನ್, ಎಲುಬು ಚರ್ಮಗಳಿಗೆ ಬಿಗಿ ಕೊಡುವ ಕೊಲಾಜೆನ್, ಸ್ನಾಯುವನ್ನು ಕುಗ್ಗಿಸಿ ಹಿಗ್ಗಿಸುವ ಆಕ್ಟಿನ್ ಮತ್ತು ಮಯೋಸಿನ್ ಎಲ್ಲವೂ ಪ್ರೋಟೀನುಗಳೇ. ಇವೆಲ್ಲ ಕಟ್ಟಲ್ಪಡುವುದು 20 ಬಗೆಯ ಅಮೈನೋ ಆಮ್ಲಗಳಿಂದ. ಅವುಗಳಲ್ಲಿ 9 ಬಗೆಯವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಒಂದು ಕಡಿಮೆ ಬಿದ್ದರೂ ಉಳಿದವು ಕಟ್ಟಡಕ್ಕೆ ಪೂರ್ತಿಯಾಗಿ ಒದಗುವುದಿಲ್ಲ. ಕೊಬ್ಬಿನಂತೆ ಇದನ್ನು ಮುಂದಿನ ತಿಂಗಳಿಗೆಂದು ಕೂಡಿಡಲೂ ಬರುವುದಿಲ್ಲ.

ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸೀನ್ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ, ಆದರೆ ಮೆಥಿಯೋನೀನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳಗಾವಿ, ಸಾಂಗಲಿ, ಕೊಲ್ಹಾಪುರದ ಕಡೆಯಿಂದ ಮುಂಬಯಿ ಪುಣೆಗಳಿಗೆ ಬಂದ ಮನೆಗಳ ಹಳೆಯ ತಟ್ಟೆಯನ್ನು ನೆನೆದರೆ ಸಾಕು: ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಆ ಅಜ್ಜಿಯರಿಗೆ ಲೈಸೀನ್ ಎಂಬ ಹೆಸರು ಗೊತ್ತಿರಲಿಲ್ಲ, ತಟ್ಟೆ ಮಾತ್ರ ಸರಿಯಾಗಿತ್ತು. ದ್ವಿದಳದ ನಿಯಮ ಪಾಲಿಸುವವರು ಬೇಳೆಯೊಂದಿಗೆ ಹಸಿ ಮೊಸರು ಮಜ್ಜಿಗೆ ಬೆರೆಸುವುದಿಲ್ಲ. ಇದರಿಂದ ಪೋಷಣೆಗೆ ನಷ್ಟವೆಂದು ಕೆಲವು ಯುವಕರು ವಾದಿಸುವುದುಂಟು. ಆ ವಾದ ನಿಲ್ಲುವುದಿಲ್ಲ. ಪೂರಕ ಅಮೈನೋ ಆಮ್ಲಗಳು ಒಂದೇ ತುತ್ತಿನಲ್ಲಿ ಸೇರಬೇಕಾಗಿಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬೇಳೆ ಎಂದು ದಿನದೊಳಗೆ ಒದಗಿದರೆ ಸಾಕು. ಗಡ್ಡೆಗೆಣಸು ಬಿಟ್ಟದ್ದರಿಂದಲೂ ಪ್ರೋಟೀನಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಕೊರತೆಯಾಗದು. ದೋಷ ನಿಯಮದಲ್ಲಿಲ್ಲ.

ದೋಷವಿರುವುದು ಇಂದಿನ ತಟ್ಟೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ. ಎರಡು ಹೊತ್ತು ಸೇರಿ 60 ಗ್ರಾಂ ಬೇಳೆ, ಅರ್ಧ ಲೀಟರ್ ಹಾಲು ಮೊಸರು, 200 ಗ್ರಾಂ ಜೋಳ ಅಥವಾ ಗೋಧಿ ಹಿಟ್ಟು ಇದ್ದರೆ ಲೆಕ್ಕ ತುಂಬುತ್ತದೆ. ಆದರೆ ನೀರಾದ ಸಾರು, ಅನ್ನ, ಎರಡು ಸಲ ಚಹಾ, ಸಂಜೆಗೆ ಒಂದು ಮುಷ್ಟಿ ಫರಸಾಣ ಎಂಬಲ್ಲಿಗೆ ದಿನ ಮುಗಿದರೆ ಅರ್ಧವೂ ತುಂಬುವುದು ಕಷ್ಟ. ಲೋಕಲ್ ರೈಲಿನಲ್ಲಿ ಕತ್ತಲಾದ ಮೇಲೆ ಮನೆ ಸೇರುವವರಿಗೆ ಸೂರ್ಯಾಸ್ತದ ಮುಂಚಿನ ಊಟವೆಂದರೆ ಕಚೇರಿಯಲ್ಲಿ ತಿಂದ ಬಿಸ್ಕತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಗೃಹಿಣಿಯ ಪಾಲಿಗೆ ಪಾತ್ರೆಯ ತಳದ ತಿಳಿಸಾರು. ಏಕಭುಕ್ತ ವ್ರತದ ಹಿರಿಯರ ವಿಷಯವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು: ವಯಸ್ಸಾದಂತೆ ಸ್ನಾಯು ತಾನಾಗಿಯೇ ಕರಗುತ್ತದೆ. ವ್ರತ ಊಟದ ಸಂಖ್ಯೆಗೆ ಮಿತಿ ಹಾಕಿದೆಯೇ ಹೊರತು ಆ ಒಂದು ಊಟ ಬಡವಾಗಿರಲೆಂದು ಹೇಳಿಲ್ಲ. ಇನ್ನು ಸಮಾಜದ ಭೋಜನಶಾಲೆಗಳಲ್ಲಿ ಮೂರು ಬಗೆಯ ಸಿಹಿ, ಎರಡು ಬಗೆಯ ಕರಿದ ತಿಂಡಿ, ಕೊನೆಯಲ್ಲಿ ಒಂದು ಸೌಟು ಬೇಳೆ!

ಇದೇ ಮನೆಗಳಿಗೆ ಈಗ ಚರ್ಮದ ಕಾಂತಿಯ ಹೆಸರಿನಲ್ಲಿ ಕೊಲಾಜೆನ್ ಪುಡಿ ಬರುತ್ತಿದೆ. ಕೊಲಾಜೆನ್ ಪ್ರಾಣಿಗಳ ದೇಹದ ಪ್ರೋಟೀನ್. ಮಾರುಕಟ್ಟೆಯಲ್ಲಿ ಸಿಗುವ ಪುಡಿ ಸಾಮಾನ್ಯವಾಗಿ ದನದ ಚರ್ಮದಿಂದಲೋ ಮೀನಿನಿಂದಲೋ ತೆಗೆದದ್ದು. ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅವಶ್ಯಕ ಅಮೈನೋ ಆಮ್ಲವೇ ಇಲ್ಲ. ಮೊಟ್ಟೆಗೆ ಮೂಗು ಮುರಿಯುವವರು ಆ ಡಬ್ಬಿಯ ಹಿಂಬದಿಯನ್ನೊಮ್ಮೆ ಓದುವುದು ಒಳ್ಳೆಯದು.

ಮತ್ತೆ ಶಾಲೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ಮಕ್ಕಳೇ ಮುಂದೆ ಸರ್ಕಾರಿ ಶಾಲೆಯ ಬಿಸಿಯೂಟದ ಸಾಲಿಗೆ ಬರುವವರು. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಮೊಟ್ಟೆ ನಿಷಿದ್ಧವೂ ಅಲ್ಲ, ದಿನವೂ ಸಿಗುವಂಥದ್ದೂ ಅಲ್ಲ. ಹಿಂಸೆ ಕಡಿಮೆಯಾಗಲೆಂದು ಜೈನರು ಬಯಸುವುದು ಸಹಜ, ಗೌರವಾರ್ಹ. ಆದರೆ ಆ ಬಯಕೆಯ ಬೆಲೆಯನ್ನು ಯಾದಗಿರಿಯ ಕೂಲಿಕಾರರ ಮಗಳು ತೆರಬೇಕೆನ್ನುವುದು ನ್ಯಾಯವಲ್ಲ. ಮಹಾರಾಷ್ಟ್ರದಲ್ಲಿ 2025ರ ಜನವರಿಯಲ್ಲಿ ಮೊಟ್ಟೆಯ ಅನುದಾನವೇ ನಿಂತಿತು. ಬೇಕಾದರೆ ಶಾಲೆಗಳು ಜನರ ದೇಣಿಗೆಯಿಂದ ಕೊಡಲಿ ಎಂದಾಯಿತು. ಇದನ್ನು ಸಸ್ಯಾಹಾರದ ಗೆಲುವೆಂದು ಸಂಭ್ರಮಿಸುವವರು ಆ ಮಕ್ಕಳ ತಟ್ಟೆಗೆ ಬದಲಿಗೆ ಏನು ಬಂತೆಂದು ಕೇಳಬೇಕಿತ್ತು.

ಮನವಿಪತ್ರದ ಒಕ್ಕಣೆ ಬದಲಾಗಬೇಕು. ಬೇರೆಯವರ ಮೊಟ್ಟೆ ನಿಲ್ಲಿಸಿ ಎಂಬುದರ ಬದಲು, ಮೊಟ್ಟೆ ತಿನ್ನದ ಮಗುವಿಗೆ ಸರಿಸಮನಾದದ್ದನ್ನು ಕೊಡಿ ಎಂದು ಕೇಳಬೇಕು. 25 ಗ್ರಾಂ ಶೇಂಗಾ ಹಾಕಿದ ಚಿಕ್ಕಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. 200 ಮಿಲಿಲೀಟರ್ ಹಾಲಿನಲ್ಲಿಯೂ, 30 ಗ್ರಾಂ ಪುಟಾಣಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಸೋಯಾ ಇವೆಲ್ಲಕ್ಕಿಂತ ಮುಂದೆ: ಅಮೈನೋ ಆಮ್ಲಗಳ ಸಮತೋಲದಲ್ಲಿ ಅದು ಹಾಲು ಮೊಟ್ಟೆಗಳಿಗೆ ಹತ್ತಿರ ನಿಲ್ಲುತ್ತದೆ. ಸರ್ಕಾರ ಒಪ್ಪುವವರೆಗೆ ಕಾಯಬೇಕಾಗಿಯೂ ಇಲ್ಲ. ಚಾತುರ್ಮಾಸದ ಬೋಲಿಗಳಲ್ಲಿ ಸಂಗ್ರಹವಾಗುವ ಹಣದಲ್ಲಿ ಒಂದು ಪಾಲನ್ನು ಆಹಾರದಾನದ ಲೆಕ್ಕದಲ್ಲಿಟ್ಟರೆ, ಊರಿನ ಬಸದಿಯ ಪಕ್ಕದ ಸರ್ಕಾರಿ ಶಾಲೆಗೆ ವರ್ಷವಿಡೀ ಶೇಂಗಾ ಚಿಕ್ಕಿ ಹೋಗಬಹುದು, ಮೊಟ್ಟೆ ತಿನ್ನುವ ಮಕ್ಕಳಿಗೂ, ತಿನ್ನದವರಿಗೂ.