ರಾಯಣ್ಣನ ಒತ್ತು ಎಲ್ಲಿ?

‘ಒಮ್ಮೆ ಬರೀರಿ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲಾ ಕಡೆ ಓಡಸ್ರಿ’ ಅಂತ ಯುಐ ಟೂಲ್‌ಕಿಟ್ ಮಂದಿ ಹೇಳ್ತಾರ. ಆ್ಯಪ್ ಓಡತೈತಿ, ಖರೆ. ಕನ್ನಡ?

1831ರಲ್ಲಿ ನಮ್ಮ ನಂದಗಡದಾಗ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹೆಸರನ್ನೇ ಟೈಪ್ ಮಾಡ್ರಿ. ಯುನಿಕೋಡ್‌ನಲ್ಲಿ ‘ಣ್ಣ’ ಅಂದರೆ ಮೂರು ಸಂಕೇತ: ಣ, ವಿರಾಮ, ಮತ್ತೊಂದು ಣ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಶೇಪಿಂಗ್ ಎಂಜಿನ್. ಕ್ಯೂಟಿ, ಜಿಟಿಕೆ, ಫ್ಲಟರ್ ಇದಕ್ಕೆ ಹಾರ್ಫ್‌ಬಜ್ ಬಳಸುತ್ತವೆ. ಡಿಯರ್ ಇಮ್‌ಗುಯಿಯಲ್ಲಿ ಶೇಪಿಂಗ್ ಇಲ್ಲ. ಒತ್ತು ಕಳಚಿ ‘ರಾಯಣ್ ಣ’ ಆಗತೈತಿ. ಬಿಲ್ಲಿನ ಮ್ಯಾಲೆ ತನ್ನ ಹೆಸರು ಹಿಂಗ ಬಂದ್ರ ಯಾರು ಒಪ್ತಾರ?

‘ಕನ್ನಡ ಮುಂದಿನ ಆವೃತ್ತಿಗೆ ನೋಡೋಣ’ ಅನ್ನಬ್ಯಾಡ್ರಿ. ಮನಿ ಕಟ್ಟಿದ ಮ್ಯಾಲೆ ಪಾಯಾ ತೋಡಾಕ ಬರಂಗಿಲ್ಲ. ಟೂಲ್‌ಕಿಟ್ ಆರಿಸುವ ದಿನವೇ ‘ರಾಯಣ್ಣ’ ಬರೆದು ನೋಡ್ರಿ. ಹೆಸರು ಮುರಿದ್ರ ಅದನ್ನ ಅಲ್ಲೇ ಬಿಡ್ರಿ.