ಮೂರನೆಯ ಚುಚ್ಚುಮದ್ದು

ಶೇಂಗಾ ಮೂಟೆಗಳಿರುವ ಮನೆಗೆ ಬೆಕ್ಕು ಅನಿವಾರ್ಯ. ಬ್ರಹ್ಮಸಮುದ್ರದ ನಮ್ಮ ಮನೆಯ ಬೆಕ್ಕಿಗೆ ಕಳೆದ ವರ್ಷ ಬೈಕೊಂದು ತಗುಲಿ ಹಿಂಗಾಲು ಸೀಳಿತು. ಪಶುವೈದ್ಯರು ಅರಿವಳಿಕೆಯ ಚುಚ್ಚುಮದ್ದು ಕೊಟ್ಟು ಹೊಲಿಗೆ ಹಾಕಿದರು. ನಾಲ್ಕು ದಿನಗಳ ನಂತರ ಪಟ್ಟಿ ಬದಲಿಸುವಾಗ ಮತ್ತೊಮ್ಮೆ ಕೊಟ್ಟರು. ಮೂರನೆಯ ಸಲ ಅವರು ಊರಲ್ಲಿರಲಿಲ್ಲ. ಪರಿಚಯದವರೊಬ್ಬರು, "ಅದೇ ಔಷಧ, ಅದೇ ಪ್ರಮಾಣ, ನಾನೇ ಹಾಕುತ್ತೇನೆ ಬಿಡಿ, ವಕೀಲರೇ" ಎಂದರು. ನಾನು ಒಪ್ಪಿದೆ. ಐದನೆಯ ತರಗತಿಯ ಮಗಳು ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕಾದಳು. ಅದು ಏಳಲಿಲ್ಲ. "ಅಪ್ಪಾ, ನೀನು ಯಾಕೆ ಏನೂ ಕೇಳಲಿಲ್ಲ?" ಎಂದಳು.

ಕೇಳಬೇಕಾದುದನ್ನು ಆಮೇಲೆ ತಿಳಿದೆ. ಬೆಕ್ಕಿಗೆ ಅರಿವಳಿಕೆಯನ್ನು ಮತ್ತೆ ಕೊಡಬಾರದೆಂದೇನೂ ಇಲ್ಲ. ಆದರೆ ಪ್ರತಿ ಸಲವೂ ಹೊಸದಾಗಿ ತೂಗಬೇಕು, ಪರೀಕ್ಷಿಸಬೇಕು. ಗಾಯಗೊಂಡು ಮೇವು ಬಿಟ್ಟ ಬೆಕ್ಕು ಸೊರಗಿರುತ್ತದೆ. ಹಿಂದಿನ ಪ್ರಮಾಣ ಈಗ ಹೆಚ್ಚಾಗಬಹುದು. ಕೆಟಮಿನ್ ಬೆಕ್ಕಿನ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ. ಅವು ದುರ್ಬಲವಾಗಿದ್ದರೆ ನಿದ್ರೆ ದೀರ್ಘವಾಗುತ್ತದೆ. ಆ ನಿದ್ರೆಯಲ್ಲಿ ಕಣ್ಣು ಮುಚ್ಚುವುದಿಲ್ಲ, ಒಣಗದಂತೆ ಮುಲಾಮು ಹಚ್ಚಬೇಕು. ಮೈ ತಣ್ಣಗಾಗದಂತೆ ಹೊದಿಸಬೇಕು. ಪ್ರೊಪೋಫಾಲ್ ಎಂಬ ಔಷಧವನ್ನು ದಿನವೂ ಬಿಡದೆ ಕೊಟ್ಟರೆ ಕೆಂಪು ರಕ್ತಕಣಗಳಿಗೆ ಹಾನಿಯಾಗುತ್ತದೆ. ಕೆಲವು ಔಷಧಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಈ ಕಾರಣದಿಂದಲೇ ನಾವು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಪ್ರಾಣ ತೆಗೆಯಲು. ಪೋಷಕರು ಇದೊಂದನ್ನಾದರೂ ಮರೆಯಬಾರದು.

ಇನ್ನು ಕಾನೂನು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ಕಲಮಿನಂತೆ ಪಶುವೈದ್ಯ ವೃತ್ತಿಯ ಹಕ್ಕು ನೋಂದಾಯಿತ ವೈದ್ಯರದು. ಇತರರು ಮಾಡಬಹುದಾದ ಸಣ್ಣ ಸೇವೆಗಳೂ ಅವರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು. ಕೆಟಮಿನ್ 2013ರಿಂದ ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಮಾರುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಬೇಕೆಂದೇ ಅಕಾರಣವಾಗಿ ಹಾನಿಕರ ಔಷಧ ಕೊಡುವುದನ್ನು ಅಪರಾಧವೆನ್ನುತ್ತದೆ. ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಸದುದ್ದೇಶದಿಂದ ಎಡವಿದವರಿಗೆ ಈ ಕಲಮು ತಗುಲುವುದೂ ಕಷ್ಟ. ನಾನು ದೂರು ಕೊಡಲಿಲ್ಲ. ಒಪ್ಪಿಗೆ ಕೊಟ್ಟವನೇ ನಾನಲ್ಲವೇ?

ಕಾನೂನು ಬರುವುದು ಅನಾಹುತದ ನಂತರ. ಪ್ರಶ್ನೆ ಮೊದಲೇ ಬರಬಹುದು. ಯಾವ ಔಷಧ? ಇಂದಿನ ತೂಕವೆಷ್ಟು? ಹಿಂದೆ ಕೊಟ್ಟದ್ದು ಯಾವಾಗ? ಏಳುವವರೆಗೆ ನೋಡಿಕೊಳ್ಳುವವರು ಯಾರು? ಇಷ್ಟನ್ನು ಕೇಳಲು ವಕೀಲನಾಗಬೇಕಿಲ್ಲ. ಉತ್ತರವನ್ನು ದಿನಾಂಕ ಸಹಿತ ಬರೆದಿಡಿ. ಮುಂದಿನ ವೈದ್ಯರಿಗೆ ಅದೇ ದಾಖಲೆ.

ಈಗ ಮನೆಗೆ ಹೊಸ ಮರಿಯೊಂದು ಬಂದಿದೆ. ಮಗಳು ಹಳೆಯ ಕಾಪಿ ಪುಸ್ತಕದ ಉಳಿದ ಹಾಳೆಗಳಲ್ಲಿ ಅದರ ತೂಕ ಬರೆಯುತ್ತಿದ್ದಾಳೆ. ಪ್ರತಿ ಭಾನುವಾರ ಕೆಳಗೆ ನನ್ನ ಸಹಿಯನ್ನೂ ಕೇಳುತ್ತಾಳೆ.