ತೆರಿಗೆ ಉಳಿಸೋಕೆ ಪಾಲಿಸಿ ಬೇಡ, ಲೆಕ್ಕ ಬೇಕು

ಜನವರಿ ಬಂತೆಂದರೆ ನಮ್ಮೂರುಗಳ ಶಾಲೆ, ಆಸ್ಪತ್ರೆ, ಬಸ್ ಡಿಪೋಗಳಿಗೆ ಏಜೆಂಟರ ಓಡಾಟ ಶುರು. 'ಮೇಷ್ಟ್ರೇ, ಮಾರ್ಚ್ ಒಳಗೆ ಒಂದು ಪಾಲಿಸಿ ಮಾಡ್ಸಿ, ಇಲ್ಲಾಂದ್ರೆ ಟ್ಯಾಕ್ಸ್ ಬೀಳುತ್ತೆ' ಎಂಬ ಅದೇ ಹಳೇ ಮಾತು. ನಮ್ಮ ಹಳ್ಳಿಗಳ ಬಹುಪಾಲು ಸಂಬಳದಾರರ ಮಟ್ಟಿಗೆ ಈ ಮಾತು ಈಗ ಸುಳ್ಳು.

ಆದಾಯ ತೆರಿಗೆಗೆ ಈಗ ಎರಡು ದಾರಿ. ಹಳೇ ಪದ್ಧತಿಯಲ್ಲಿ ವಿಮೆ, ಪಿಪಿಎಫ್, ಮನೆ ಸಾಲದ ಬಡ್ಡಿ, ಮನೆ ಬಾಡಿಗೆಗಳನ್ನು ಒಂದೊಂದಾಗಿ ತೋರಿಸಿ ಆದಾಯದಿಂದ ಕಳೆಯಬೇಕು. ಹೊಸದರಲ್ಲಿ ಇವು ಬಹುತೇಕ ಇಲ್ಲ. ಬದಲಿಗೆ ಯಾವ ರಸೀದಿಯೂ ಇಲ್ಲದೆ ಸಂಬಳದಿಂದ 75,000 ರೂಪಾಯಿ ಕಳೆಯುತ್ತಾರೆ, ದರವೂ ಕಡಿಮೆ. ಹಳೆಯದು ಬೇಕೆಂದು ನೀವು ಹೇಳದಿದ್ದರೆ 2023-24ರಿಂದ ಹೊಸದೇ ಅನ್ವಯ. 2025-26ರಿಂದ ಇದರಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಷೇರು ಮಾರಿದ ಲಾಭದಂಥ ಆದಾಯಕ್ಕೆ ಮಾತ್ರ ಲೆಕ್ಕ ಬೇರೆ.

ವರ್ಷಕ್ಕೆ 9 ಲಕ್ಷ ಸಂಬಳದ ಶಿಕ್ಷಕಿಯೊಬ್ಬರು ಹಳೇ ಪದ್ಧತಿಯಲ್ಲೇ ಉಳಿದು 1.5 ಲಕ್ಷದ ಉಳಿತಾಯ, 25,000ದ ಆರೋಗ್ಯ ವಿಮೆ ತೋರಿಸಿದರು ಎನ್ನಿ. ಆಗಲೂ ಸುಮಾರು 49,000 ರೂಪಾಯಿ ತೆರಿಗೆ ಕಟ್ಟಬೇಕು. ಹೊಸದರಲ್ಲಿ ಸೊನ್ನೆ. ಹಾಗಾದರೆ ಆ ಪಾಲಿಸಿಯಿಂದ ಯಾರಿಗೆ ಲಾಭ? ಕಮಿಷನ್ ಪಡೆದವರಿಗೆ. ಶಿಕ್ಷಕಿಗೆ ಉಳಿಯುವುದು ವರ್ಷಗಟ್ಟಲೆ ಕಟ್ಟಬೇಕಾದ ಕಂತು.

ಹಳೆಯದು ಯಾರಿಗೂ ಬೇಡ ಎಂದು ನಾವು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 18 ಲಕ್ಷ ದುಡಿಯುವ ನಿಮ್ಮ ಮಗಳು ದೊಡ್ಡ ಬಾಡಿಗೆ ಕಟ್ಟುತ್ತಾ, ಊರಿನ ಮನೆ ಸಾಲವನ್ನೂ ತೀರಿಸುತ್ತಿದ್ದರೆ ಅವಳು ಎರಡನ್ನೂ ಹೋಲಿಸಲೇಬೇಕು. ಆದರೆ ಹಳೆಯದು ಲಾಭವಾಗಲು ಅದರಲ್ಲಿ ಸಿಗುವ 50,000ದ ಜೊತೆಗೆ ಇನ್ನೂ 6.4 ಲಕ್ಷಕ್ಕಿಂತ ಹೆಚ್ಚು ಕಳೆಯುವಂತಿರಬೇಕು.

ಇನ್ನೊಂದು ಬಗೆಯವರು ಇದಕ್ಕಿಂತ ಅಪಾಯಕಾರಿ. 'ರಿಫಂಡ್ ಕೊಡಿಸ್ತೀನಿ, ಅದರಲ್ಲಿ ನನಗಿಷ್ಟು' ಎಂದು ಹಳೇ ಪದ್ಧತಿಯಲ್ಲಿ ಇಲ್ಲದ ದೇಣಿಗೆ, ಇಲ್ಲದ ಬಾಡಿಗೆ ತೋರಿಸುವವರು. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ಲೆಕ್ಕಗಳ ಜಾಡು ಹಿಡಿದು ದೇಶದ 150 ಕಡೆ ತಪಾಸಣೆ ನಡೆಸಿತು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಮೇಲೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಏಜೆಂಟನ ಹೆಸರಿಗಲ್ಲ.

'ತೆರಿಗೆ ನೆಪದಲ್ಲಾದರೂ ನಾಲ್ಕು ಕಾಸು ಉಳೀತಿತ್ತಲ್ಲ' ಎನ್ನುವವರಿದ್ದಾರೆ. ಉಳಿಸಿ, ಖಂಡಿತ ಉಳಿಸಿ. ಮಕ್ಕಳ ಓದಿಗೆ, ಮುಪ್ಪಿಗೆ, ಕಾಯಿಲೆಗೆ ಎಂದು ಯೋಚಿಸಿ ಉಳಿಸಿ. ಮಾರ್ಚ್ ತಿಂಗಳ ಗಾಬರಿಯಲ್ಲಿ ಸಹಿ ಹಾಕಬೇಡಿ.

ಇಲಾಖೆಯ ವೆಬ್‌ಸೈಟಿನಲ್ಲಿ ಎರಡೂ ಪದ್ಧತಿ ಹೋಲಿಸುವ ಕ್ಯಾಲ್ಕ್ಯುಲೇಟರ್ ಇದೆ, ದುಡ್ಡು ಕೊಡಬೇಕಿಲ್ಲ. ಬರೀ ಸಂಬಳ ಇರುವವರು ಗಡುವಿನೊಳಗೆ ರಿಟರ್ನ್ ಹಾಕುವಾಗ ಪ್ರತಿ ವರ್ಷವೂ ತಮಗೆ ಬೇಕಾದ್ದನ್ನು ಆರಿಸಬಹುದು. ಅಂಗಡಿ, ವ್ಯಾಪಾರ ಇರುವವರು ಹುಷಾರು: ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದರೆ, ವ್ಯಾಪಾರ ಇರುವತನಕ ಮತ್ತೆ ಹಳೆಯದು ಸಿಗದು.

ಮುಂದಿನ ಸಲ ಏಜೆಂಟ್ ಬಂದಾಗ ಒಂದೇ ಮಾತು ಕೇಳಿ: 'ಹೊಸ ಪದ್ಧತಿಯಲ್ಲಿ ನನಗೆಷ್ಟು ತೆರಿಗೆ ಬರುತ್ತೆ, ಬರೆದು ತೋರ್ಸಿ.' ತೋರಿಸದಿದ್ದರೆ ಚಹಾ ಕೊಟ್ಟು ಕಳಿಸಿ.